ನಾನೂರ ಹದಿಮೂರನೆಯ ಧ್ವನಿ

ಮಣಿಪಾಲ
3 ಆಗಸ್ಟ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ ಅಕ್ಷಿತಾಳ ನಮಸ್ಕಾರ.

ಕಾಪುವಿನಿಂದ ಮಣಿಪಾಲಕ್ಕೆ ಒಂದು ಗಂಟೆಯ ದಾರಿ, ಇವಳಿಗೆ ಕಾಗದ ಬರೆಯುವ ಮರ್ಲು ಎಂತದು ಅಂತ ನೀನು ಬೈಯುವುದು ಇಲ್ಲಿಗೇ ಕೇಳುತ್ತದೆ. ಫೋನಿನಲ್ಲಿ ಹೇಳಿದ್ದು ಎಲ್ಲೆಲ್ಲಿ ಉಳಿಯುತ್ತದೆ ಅಂತ ನನಗೆ ಗೊತ್ತುಂಟು. ಕಾಗದ ಆದರೆ ಒಂದೇ. ಓದಿ ಒಲೆಗೆ ಹಾಕು.

ನನ್ನ ಕೆಲಸ ಎಂತದು ಅಂತ ನೀನು ಕೇಳಿದಾಗೆಲ್ಲ, ಕಂಪ್ಯೂಟರಿನದ್ದು ಅಂತ ತೇಲಿಸಿಬಿಡುತ್ತಿದ್ದೆ. ಈಗ ಸರಿಯಾಗಿ ಕೇಳು. ಜನರ ಫೈಲುಗಳನ್ನು ನಾವು ಮುಂಬಯಿಯ ದೊಡ್ಡ ಕಂಪ್ಯೂಟರುಗಳಲ್ಲಿ ಇಡುತ್ತೇವೆ. ಹತ್ತು ನಿಮಿಷದೊಳಗೆ ಅದರ ಪ್ರತಿ ತಾನಾಗಿ ಹೈದರಾಬಾದಿಗೆ ಹೋಗುತ್ತದೆ. ಒಂದು ಊರು ಮುಳುಗಿದರೂ ಇನ್ನೊಂದರಲ್ಲಿ ಉಳಿಯಲಿ ಅಂತ. ಮುಂಬಯಿಯಲ್ಲಿ ಅಳಿಸಿದರೆ ಹೈದರಾಬಾದಿನಲ್ಲಿಯೂ ಅಳಿಯುತ್ತದೆ. ನಮ್ಮ ಉಜ್ವಲ್ ಉದ್ಯಾವರದಲ್ಲಿ ಬೈಕಿನಿಂದ ಬಿದ್ದು ತೀರಿಹೋದ ಮೇಲೆ, ಅವನ ಫೋನಿನಲ್ಲಿದ್ದ ನಾನೂರ ಹನ್ನೆರಡು ಧ್ವನಿ ಸಂದೇಶಗಳನ್ನು ನಾನು ಆ ಕಂಪ್ಯೂಟರುಗಳಲ್ಲಿಯೇ ಇಟ್ಟಿದ್ದೆ.

ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕುವಾಗ ಅವನಿಗೂ ಬಡಿಸಬೇಕು, ಅದಕ್ಕೆ ಮೊದಲು ಎಲ್ಲ ಅಳಿಸು ಅಂದೆ ನೀನು. ಧ್ವನಿಯನ್ನು ಇಲ್ಲಿ ಹಿಡಿದಿಟ್ಟರೆ ಹುಡುಗ ಹಿರಿಯರ ಜೊತೆ ಸೇರುವುದಾದರೂ ಹೇಗೆ ಅಂತ ಚೆನ್ನಪ್ಪ ಮಾವ ಹೇಳಿದರಂತೆ. ಅಳಿಸಿದೆ ಅಂತ ನಾನು ಹೇಳಿದೆ. ಅಳಿಸಿದ್ದು ಮುಂಬಯಿಯಲ್ಲಿ ಮಾತ್ರ ಅಮ್ಮ. ಅದಕ್ಕೆ ಮೊದಲೇ ಎರಡು ಊರಿನ ನಡುವಿನ ಸಂಪರ್ಕ ಕಡಿದು, ಹೈದರಾಬಾದಿನ ಪ್ರತಿಗೆ ಬೀಗ ಹಾಕಿದ್ದೆ. ಒಳಗೆ ಇದ್ದದ್ದನ್ನು ಕೇಳಬಹುದು, ಹೊಸತು ಸೇರಿಸಲಿಕ್ಕಾಗದು. ಕೀಲಿ ನನ್ನಲ್ಲಿ ಮಾತ್ರ ಉಂಟು. ತಮ್ಮನ ನಗೆಯನ್ನು ನನ್ನ ಕೈಯಾರೆ ಕೊಲ್ಲಲಿಕ್ಕೆ ಮನಸ್ಸು ಬರಲಿಲ್ಲ.

ಶುಕ್ರವಾರ ನೋಡಿದರೆ ನಾನೂರ ಹದಿಮೂರು ಉಂಟು.

ಮೂರು ಸಲ ಎಣಿಸಿದೆ. ಆಮೇಲೆ ಆ ಹೊಸತನ್ನು ಹಾಕಿ ಕೇಳಿದೆ. ನೀನು ಮಣೆ ಎಳೆಯುವ ಸದ್ದು. ಆಟಿಯಲ್ಲಿ ಬಂಗುಡೆ ಎಲ್ಲಿ ಸಿಗುತ್ತದೆ ಮಗ, ಇವತ್ತಿಗೆ ಒಣಮೀನಿನಲ್ಲೇ ಸುಧಾರಿಸು ಅಂತ ಬಡಿಸುತ್ತಾ ನೀನು ಅವನಲ್ಲಿ ಹೇಳುವುದು. ಮತ್ತೆ ತೀರಿಹೋದವರ ಕುಲೆಗಳು ಉಣ್ಣಲಿ ಅಂತ ನೀವೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿದ್ದು. ರೆಕಾರ್ಡಿಂಗ್ ನಿಲ್ಲಲಿಲ್ಲ. ಮುಚ್ಚಿದ ಕೋಣೆಯೊಳಗೆ ಯಾರೋ ಒಣಮೀನು ಕಡಿದು ತಿನ್ನುತ್ತಾರೆ, ನಿಧಾನವಾಗಿ, ಎಂಟು ನಿಮಿಷ. ಕೊನೆಗೆ ನೀನು ಹೊರಗಿನಿಂದ ಬಾಗಿಲು ತಟ್ಟುತ್ತೀ. ಆ ಹೊತ್ತು ನಿನ್ನ ಫೋನು ಹೊರಗೆ ಮಾವನ ಕಿಸೆಯಲ್ಲಿತ್ತು, ನೀನೇ ಹೇಳಿದ್ದು.

ಹೆದರಿಕೆ ಆಗುತ್ತಾ ಉಂಟು ಅಮ್ಮ. ಅದಕ್ಕಿಂತ ಹೆಚ್ಚು ನಾಚಿಕೆ. ಅತ್ತ ಹೋಗದ ಹಾಗೆ, ಇತ್ತ ಬರದ ಹಾಗೆ ಹುಡುಗನನ್ನು ನಡುವಿನಲ್ಲಿ ಕೂರಿಸಿಬಿಟ್ಟೆ. ಆಟಿ ಮುಗಿಯುವ ಮೊದಲು, ಬರುವ ಶನಿವಾರ, ಇನ್ನೊಂದು ಸಲ ಅವನಿಗೆ ಎಲೆ ಹಾಕುವ. ಮಳೆಗಾಲದ ನಿಷೇಧ ಮುಗಿದು ಮೀನಿಗೆ ಬೋಟುಗಳು ಹೊರಟಿವೆಯಂತೆ, ಬಂಗುಡೆ ನಾನೇ ತರುತ್ತೇನೆ. ನೀನು ಬಾಗಿಲು ತಟ್ಟುವ ಹೊತ್ತಿಗೆ ಹೈದರಾಬಾದಿನದನ್ನು ನಿನ್ನ ಎದುರೇ ಅಳಿಸುತ್ತೇನೆ. ಬೈಯುವುದಾದರೆ ಆಮೇಲೆ ಬೈ.

ನಿನ್ನ ಹಠಮಾರಿ ಮಗಳು,
ಅಕ್ಷಿತಾ

ತಾ.ಕ.: ಅವನಿಗೆ ಬಡಿಸಿದ ದಿನ ನನಗೆ ಡ್ಯೂಟಿ ಉಂಟು ಅಂದದ್ದೂ ಸುಳ್ಳು. ರಜೆ ಇತ್ತು. ಅವನ ಎಲೆಗೆ ನಾನೂ ನೀರು ಬಿಟ್ಟರೆ ಅವನು ಹೋದದ್ದು ನಿಜ ಆಗಿಬಿಡುತ್ತದೆ ಅಂತ ಬರಲಿಲ್ಲ. ನೀನು ಬಾಗಿಲು ತಟ್ಟುವ ಸ್ವಲ್ಪ ಮೊದಲು ಅವನು ತಿನ್ನುವುದು ನಿಲ್ಲಿಸಿ, ಅಕ್ಕ ಬರಲಿಲ್ಲವಾ ಅಂತ ಕೇಳುತ್ತಾನೆ. ಈಗ ಕಾಗದ ಮಡಚುವಾಗ ನಾನೂರ ಹದಿನಾಲ್ಕನೆಯದು ಬಂದಿದೆ. ಅದರಲ್ಲಿಯೂ ಅದೇ ಪ್ರಶ್ನೆ. ಆದರೆ ಹಿಂದಿನಿಂದ ಕೇಳಿಸುವುದು ನಮ್ಮ ಮನೆಯ ಸದ್ದಲ್ಲ, ನನ್ನ ರೂಮಿನ ಫ್ಯಾನಿನ ಕಟಕಟ.