ಹೊಳೆದಂಡೆ ರೈಸ್ ಮಿಲ್ಲಿನ ಹತ್ತು ಷೇರು

ಮರಳಿ, ತಾ. ಗಂಗಾವತಿ, ಜಿ. ರಾಯಚೂರು
ಸೋಮವಾರ, ೧೦-೨-೧೯೮೬

ಮಗಳೇ ಹುಲಿಗೆಮ್ಮ,

ನಿನ್ನ ಅವ್ವನ ಮುತ್ತುಗಳು. ಎಲ್ಲ ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಆ ಸಾಲು ಬಿಟ್ಟಿದ್ದೇನೆ.

ನಿನ್ನ ಪತ್ರ ಗುರುವಾರ ಬಂತು. ಧಾರವಾಡದ ಕಾಲೇಜಿನಲ್ಲಿ ಷೇರು ಪೇಟೆಯ ಪಾಠ ನಡೆದಿದೆ, ನಮ್ಮ ಟ್ರಂಕಿನಲ್ಲಿರುವ ಹಸಿರು ಷೇರು ಕಾಗದ ಕಳಿಸು, ಅದರ ಮೇಲಿನ ಮಾತುಗಳು ನಿನಗೆ ತಿಳಿದಷ್ಟು ಬರೆ ಎಂದಿದ್ದೀಯ. ಅಲ್ಲಿಯವರೆಗೆ ಪತ್ರ ಛಲೋ ಇತ್ತು. ಪುಟ ತಿರುವಿದರೆ, ಇಪ್ಪತ್ತೊಂದಕ್ಕೆ ಅಪ್ಪ ಬಳ್ಳಾರಿ ಜೈಲಿನಿಂದ ಬಿಡುಗಡೆಯಾಗಿ ಬರುವ ದಿನ ನಾನು ಬರುವುದಿಲ್ಲ, ಕೊಲೆ ಮಾಡಿದವನ ಮುಖ ನೋಡಲಾರೆ ಎಂದಿದ್ದೀಯ. ಅದನ್ನು ಓದುತ್ತ ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿ ಮಾಡಿದೆ. ಇರಲಿ, ಮೊದಲು ಪಾಠ ಮುಗಿಸುತ್ತೇನೆ.

ಷೇರು ಎಂದರೆ ಕಂಪನಿಯ ಬಂಡವಾಳದಲ್ಲಿ ಒಂದು ಪಾಲು. ೧೯೭೬ರಲ್ಲಿ ಗಂಗಾವತಿಯ ಅಡತಿ ವ್ಯಾಪಾರಿ ವಿರುಪಣ್ಣ ನಮ್ಮೂರ ಹೊಳೆಯ ದಂಡೆಗೆ ಅಕ್ಕಿ ಗಿರಣಿ ಹಾಕಿ, ಷೇರು ಮಾರಲು ಹೊರಟ. ನಿಮ್ಮಪ್ಪ ಅಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ನಾನು ಏಳನೆಯ ಇಯತ್ತೆ ಪಾಸಾದವಳು ಎಂದು ತಿಳಿದು, "ಹೆಣ್ಮಕ್ಕಳಿಗೆ ಓದಿ ಹೇಳಾಕ ನಿನ್ನ ಹೇಂತೀನ ಕಳಸು" ಎಂದು ವಿರುಪಣ್ಣ ಅವರಿಗೆ ಹೇಳಿದ. ನನಗೂ ಜಂಬ. ಭತ್ತದ ನಾಟಿಯ ಕೂಲಿ ಹೆಂಗಸರ ಸ್ವಂತದ್ದು, ಗಂಡಸರು ಅದನ್ನು ಮುಟ್ಟುತ್ತಿರಲಿಲ್ಲ. ಆ ದುಡ್ಡನ್ನೇ ಸೆರಗಿನ ಗಂಟಿನಿಂದ ಬಿಚ್ಚಿಸಿದವಳು ನಾನು. ಹತ್ತು ಷೇರು ನನ್ನ ಹೆಸರಿಗೂ ಕೊಂಡೆ.

ಕಾಗದದ ಮೇಲೆ ಹತ್ತು ರೂಪಾಯಿ ಎಂದು ಅಚ್ಚಾಗಿದೆಯಲ್ಲ, ಅದು ಮುಖಬೆಲೆ. ಅವನು ಮಾರಿದ್ದು ಹದಿಮೂರಕ್ಕೆ. ಮೇಲಿನ ಮೂರು ಪ್ರೀಮಿಯಂ. ಮೊದಲ ವರ್ಷವೇ ಷೇರಿಗೆ ಒಂದೂವರೆ ರೂಪಾಯಿ ಡಿವಿಡೆಂಡು ಎಂದು ತಟ್ಟೆಯಲ್ಲಿ ಎಲೆಯಡಿಕೆಯೊಂದಿಗೆ ಇಟ್ಟುಕೊಟ್ಟ. ಊರಿಗೆ ಊರೇ ಹುಚ್ಚಾಯಿತು. ಬೆಲೆ ಹತ್ತೊಂಬತ್ತಕ್ಕೆ ಏರಿತು. ಹೀಗೆ ಏರುವುದಕ್ಕೆ ಪೇಟೆಯವರು ತೇಜಿ ಎನ್ನುತ್ತಾರೆ, ಇಳಿದರೆ ಮಂದಿ. ಪಕ್ಕದ ಮನೆಯ ಮುದಕಮ್ಮ ಬೆಳ್ಳಿ ಕಡಗ ಮಾರಿ ಆ ತೇಜಿಯಲ್ಲಿ ಕೊಂಡಳು. ಡಿವಿಡೆಂಡು ಲಾಭದಿಂದ ಬರಬೇಕು ಎಂದು ನಿನ್ನ ಪುಸ್ತಕದಲ್ಲಿರಬಹುದು. ನಮ್ಮದು ತಡವಾಗಿ ಕೊಂಡವರ ದುಡ್ಡಿನಿಂದಲೇ ಬಂದಿತ್ತು. ಗೋದಾಮು ಬರಿದಾಗಿದೆ ಎಂದು ಗಿರಣಿಯ ಫಿಟ್ಟರ್ ಮಕ್ಬುಲಸಾಬ ಹೇಳಿದಾಗ ನಾನೇ ಅವನನ್ನು ಬೈದು ಕಳಿಸಿದ್ದೆ.

೧೯೭೯ರ ಮಾರ್ಚಿನಲ್ಲಿ ಮಹಾಸಭೆ. ನಿನಗಾಗ ಹನ್ನೆರಡು, ಕುಷ್ಟಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಬೆಳಿಗ್ಗೆ ಹತ್ತಕ್ಕೆ ಗಿರಣಿಯ ಅಂಗಳದಲ್ಲಿ ಕೂತೆವು. ಕಂಪನಿ ನಷ್ಟದಲ್ಲಿದೆ, ಮುಚ್ಚುತ್ತೇವೆ ಎಂದು ವಿರುಪಣ್ಣ ಓದಿದ. ಆಸ್ತಿ ಮಾರಿ ಬಂದದ್ದು ಮೊದಲು ಬ್ಯಾಂಕಿಗೆ, ಆಮೇಲೆ ಆದ್ಯತಾ ಷೇರಿನವರಿಗೆ, ಉಳಿದರೆ ಸಾಮಾನ್ಯ ಷೇರಿನವರಿಗೆ ಅಂತೆ. ಆದ್ಯತಾ ಷೇರು ಅಷ್ಟೂ ಅವನ ಹೆಂಡತಿಯ ಹೆಸರಿನಲ್ಲಿದ್ದವು. ನಮಗೆ ಉಳಿಯುವುದು ಏನೂ ಇರಲಿಲ್ಲ.

ಮುದಕಮ್ಮ ಎದ್ದು ನಿಂತಳು. "ಕಾಗದದ ಮಾತು ಬ್ಯಾಡ್ರಿ ಸಾವಕಾರ್ರ. ನಮ್ಮ ಪಾಲು ನಮಗ ಹಂಚರಿ" ಎಂದಳು. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಚಕ್ಕಡಿಯ ಒಂದು ಗಾಲಿ ಇವನಿಗೆ, ಒಂದು ಅವನಿಗೆ ಎಂದು ಬಿಚ್ಚಿ ಹಂಚುವುದುಂಟಲ್ಲ, ಗಿರಣಿಯನ್ನೂ ಹಾಗೆಯೇ ಹಂಚಿಕೊಳ್ಳುವುದೆಂದು ಜನ ಒಳಗೆ ನುಗ್ಗಿದರು. ಸ್ಪ್ಯಾನರ್, ಹಾರೆ, ಸುತ್ತಿಗೆ ಸಿಕ್ಕವರ ಕೈಗೆ ಸಿಕ್ಕವು. ಕಂಪನಿಯ ಆಸ್ತಿ ಕಂಪನಿಯದು, ಷೇರುದಾರ ಅದರ ಒಂದು ಮೊಳೆಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ಅಂದು ಓದಿದವಳಾದ ನಾನೇ ಎಲ್ಲರಿಗಿಂತ ಮುಂದಿದ್ದೆ.

ವಿರುಪಣ್ಣನ ಕಡೆ ನಾಲ್ವರಿದ್ದರು, ಬಡಿಗೆ ಮತ್ತು ಸೈಕಲ್ ಚೈನು ಹಿಡಿದವರು. ನಟ್ಟು ಬಿಚ್ಚುತ್ತಿದ್ದ ಮಕ್ಬುಲಸಾಬನ ಮೊಳಕೈಗೆ ಬಡಿದರು, ಎಲುಬು ಚರ್ಮ ಹರಿದು ಹೊರಗೆ ಬಂತು. ಮುದಕಮ್ಮನನ್ನು ತುರುಬು ಹಿಡಿದು ಅಂಗಳದುದ್ದ ಎಳೆದರು, ಒಣಹಾಕಿದ ಭತ್ತದಲ್ಲಿ ಅವಳ ಎರಡು ಹಲ್ಲು ಬಿದ್ದವು. ಹೆಂಗಸರು ಕಚ್ಚಿದರು, ಪರಚಿದರು. ಒಬ್ಬನ ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ಬಾಯ್ಲರಿನ ಬುಡದ ಬಿಸಿ ಬೂದಿಯನ್ನು ಬೊಗಸೆಯಲ್ಲಿ ತುಂಬಿ ನಾನು ಇನ್ನೊಬ್ಬನ ಕಣ್ಣಿಗೆ ಎರಚಿದೆ. ಅಂಗೈಯಲ್ಲಿ ಬೊಬ್ಬೆ ಬಂದವು. ಅವನು ಕಿರುಚಿದ್ದು ಕೇಳಿ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ನಿಮ್ಮಪ್ಪ ಎರಡೂ ಕಡೆಯವರ ನಡುವೆ ಬಂದು, "ಬಡಿಬ್ಯಾಡ್ರಪ್ಪ, ಯಾರೂ ಬಡಿಬ್ಯಾಡ್ರಿ" ಎಂದು ಕೈಮುಗಿಯುತ್ತಿದ್ದರು. ವಿರುಪಣ್ಣ ಹಿಂದಿನಿಂದ ಬಂದು ಎಂಜಿನ್ನಿನ ಕಳಚಿಟ್ಟ ಚರ್ಮದ ಪಟ್ಟಾ ಅವರ ಕುತ್ತಿಗೆಗೆ ಹಾಕಿ, ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿದ. "ನನ್ನ ಅನ್ನ ತಿಂದು ನನ್ನ ಮಿಶಿನ್ ಬಿಚ್ಚಸ್ತೀಯನಲೇ?" ಎನ್ನುತ್ತಿದ್ದ. ನಿಮ್ಮಪ್ಪ ಎರಡೂ ಕೈಯಿಂದ ಪಟ್ಟಾ ಸಡಿಲಿಸಲು ಒದ್ದಾಡುತ್ತಿದ್ದರು. ನಾಲಿಗೆ ಹೊರಗೆ ಬಂದಿತ್ತು, ಕಣ್ಣು ಮೇಲಾಗಿದ್ದವು. ಆಗ ವಿರುಪಣ್ಣನ ತಲೆಯ ಮೇಲೆ ಹಾರೆಯ ಏಟು ಬಿತ್ತು. ಅವನು ಬೋರಲಾದ ಮೇಲೆ ಇನ್ನೊಂದು ಬಿತ್ತು. ಅವನ ಕಡೆಯವರು ಬಡಿಗೆ ಬಿಸಾಕಿ ಓಡಿದರು. ಮೂಲೆಯ ನುಚ್ಚಿನ ರಾಶಿಯವರೆಗೆ ರಕ್ತ ಹರಿದಿತ್ತು.

ನಿಮ್ಮಪ್ಪ ತಪ್ಪೊಪ್ಪಿಕೊಂಡರು. ನಾನೇನೂ ಕಂಡಿಲ್ಲ ಎಂದು ಮಕ್ಬುಲಸಾಬ ಸಾಕ್ಷಿ ಹೇಳಿದ, ಊರವರೂ ಹಾಗೆಯೇ ಹೇಳಿದರು; ವಿರುಪಣ್ಣನ ಕಡೆಯವರು ಆ ಗದ್ದಲದಲ್ಲಿ ಏಟು ಬಿದ್ದದ್ದನ್ನು ಸರಿಯಾಗಿ ಕಂಡಿರಲಿಲ್ಲ. ಹತ್ತು ವರ್ಷದ ಶಿಕ್ಷೆ, ನಡತೆಗಾಗಿ ಕಡಿತವಾಗಿ ಏಳಕ್ಕೆ ಮುಗಿಯುತ್ತಿದೆ.

ಇನ್ನೊಂದು ಮಾತು ಉಳಿಯಿತು, ಬೋರ್ಡಿನ ಮೇಲಿದ್ದ ಲಿಮಿಟೆಡ್. ಕಂಪನಿ ಎಷ್ಟೇ ಮುಳುಗಿದರೂ ಷೇರುದಾರನ ಹೊಣೆ ಅವನು ಹಾಕಿದ ದುಡ್ಡಿಗೆ ಸೀಮಿತ. ಅದರಾಚೆ ಅವನ ಮನೆ ಮಠ ಯಾರೂ ಮುಟ್ಟುವಂತಿಲ್ಲ. ನನ್ನದು ನೂರಾ ಮೂವತ್ತು ರೂಪಾಯಿಗೆ ಮುಗಿಯಿತು. ನಿಮ್ಮಪ್ಪನ ಹೆಸರಿನಲ್ಲಿ ಒಂದು ಷೇರೂ ಇರಲಿಲ್ಲ.

ಹುಲಿಗಿ, ನೀನು ಬರಬೇಕು. ಇಪ್ಪತ್ತೊಂದರ ಮಧ್ಯಾಹ್ನದ ರೈಲಿಗೆ ಅವರು ಕೊಪ್ಪಳದಲ್ಲಿ ಇಳಿಯುತ್ತಾರೆ. ನೀನು ಬೆಳಿಗ್ಗೆಯೇ ಧಾರವಾಡ ಬಿಟ್ಟು ಅಲ್ಲಿಗೆ ಬಾ, ನಾನು ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿನಲ್ಲಿ ಕೂತಿರುತ್ತೇನೆ. ಏಳು ವರ್ಷದಲ್ಲಿ ಒಂದು ಸಲವೂ ನೀನು ಅವರಿಗೆ ಕಾಗದ ಹಾಕಲಿಲ್ಲ. ಭೆಟ್ಟಿಗೆ ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದದ್ದು, "ಹುಡುಗಿ ಸಾಲೀಗೆ ಹೊಂಟಾಳಿಲ್ಲ?" ಎಂದು.

ಹಸಿರು ಕಾಗದ ಇದರೊಳಗೆ ಇಟ್ಟಿದ್ದೇನೆ.

ಇಂತಿ ನಿನ್ನ ಅವ್ವ,
ಯಂಕವ್ವ

ತಾ.ಕ.: ಪತ್ರ ಮಡಚಿ ಅಂಟಿಸಲು ಕೂತವಳು ಮತ್ತೆ ಬಿಚ್ಚಿದೆ. ನೀನು ಕಲಿತವಳು, ಮೇಲಿನದನ್ನು ಓದಿದಾಗ ಕೇಳಿಯೇ ಕೇಳುತ್ತೀಯ: ಎರಡೂ ಕೈಯಲ್ಲಿ ಕುತ್ತಿಗೆಯ ಪಟ್ಟಾ ಹಿಡಿದಿದ್ದವರು ಹಾರೆ ಹೇಗೆ ಎತ್ತಿದರು? ಅವರು ಎತ್ತಲಿಲ್ಲ. ಬೊಬ್ಬೆ ಬಂದ ಈ ಕೈಗಳೇ ಎತ್ತಿದವು. ಮೊದಲನೆಯ ಏಟು ಅವರ ಜೀವ ಉಳಿಸಲು, ಎರಡನೆಯದು ನನ್ನ ಸಿಟ್ಟಿಗೆ. ಉಸಿರು ಬಂದ ಮೇಲೆ ಅವರು ಹಾರೆ ಕಸಿದುಕೊಂಡು ಧೋತರದಿಂದ ಒರೆಸಿ, "ನೀ ಮನೀಗೆ ಹೋಗು. ಹುಡುಗಿಗೆ ನೀ ಬೇಕು. ಇದು ನಂದು" ಎಂದು ಮೆಟ್ಟಿಲ ಮೇಲೆ ಪೊಲೀಸರಿಗಾಗಿ ಕಾಯುತ್ತ ಕೂತರು. ನಾನು ಹೋದೆ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು, ಇಂದು ಮುರಿದೆ. ಷೇರು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗವಾಗಲು ಕೊಡುವವರ ಸಹಿ, ತೆಗೆದುಕೊಳ್ಳುವವರ ಸಹಿ ಎರಡೂ ಬೇಕು. ಏಳು ವರ್ಷ ನೀನು ಅಪ್ಪನ ಮೇಲೆ ಇಟ್ಟುಕೊಂಡ ದ್ವೇಷವನ್ನು ನನ್ನ ಹೆಸರಿಗೆ ಮಾಡು. ತೆಗೆದುಕೊಳ್ಳುವವಳ ಸಹಿ ಮೇಲೆ ಇದೆ.