ಬಿದ್ದದ್ದು ಯಾರು

ನಮ್ಮ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಈಗ ಹೇಗಿದೆ? ಬಗ್ಗಿ ಮಗುವನ್ನು ಎತ್ತಬೇಡ ಎಂದು ವೈದ್ಯರು ಹೇಳಿದ್ದನ್ನು ನೀನು ಕೇಳುವವನಲ್ಲ, ಅತ್ತಿಗೆಯಾದರೂ ಗದರಲಿ. ಅವರ ಕೆಮ್ಮು ನಿಂತಿತೆ? ಪುಟ್ಟಿಗೆ ಮುಂದಿನ ಹಲ್ಲು ಬಂತೆ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಮಾತನ್ನು ಈ ಸಲ ರೂಢಿಗೆ ಬರೆಯುತ್ತಿಲ್ಲ. ಅಮ್ಮನ ಮೈಮೇಲೆ ಒಂದು ಗೀರೂ ಇಲ್ಲ ಎಂಬ ಅರ್ಥದಲ್ಲೇ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ಪತ್ರ ಬಂತು. ಸೈಕಲ್ ಗುದ್ದಿ ಅಮ್ಮ ಬಿದ್ದಳಂತೆ, ಕಣ್ಣು ಸರಿಯಿಲ್ಲದವಳು ಇನ್ನು ಅಲ್ಲಿರುವುದು ಬೇಡ, ಭಾನುವಾರ ಕಾರು ತಂದು ಕರೆದೊಯ್ಯುತ್ತೇನೆ, ಕೋಣೆ ಸಿದ್ಧವಾಗಿದೆ ಎಂದಿದ್ದೀಯ. ಸುದ್ದಿ ಚಿಕ್ಕಮ್ಮನಿಂದ ಬಂದಿದೆ ಎಂದು ಓದುವಾಗಲೇ ಗೊತ್ತಾಯಿತು. ಅವರು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅಮ್ಮ ಹೇಳಿದ್ದು ಇಷ್ಟೇ: "ಏನಿಲ್ಲ ಕಣೇ, ಹಿಂದಿಂದ ಸೈಕಲ್ ಬಂತು, ಬಿದ್ದಿದ್ದಾಯ್ತು, ಮಂಡಿ ತರಚ್ತು, ಬಟ್ಟೆ ಕಟ್ಟಿದ್ದೂ ಆಯ್ತು." ಮುದ್ರಣಾಲಯದಲ್ಲಿ ದಿನವಿಡೀ ಬೇರೆಯವರ ವಾಕ್ಯಗಳನ್ನು ತಿದ್ದುವ ನನಗೆ ಆಗಲೇ ಹೊಳೆಯಬೇಕಿತ್ತು, ಆ ಮಾತಿನಲ್ಲಿ ಬಿದ್ದವರು ಯಾರು ಎಂಬುದೇ ಇಲ್ಲ. ನಮ್ಮ ಭಾಷೆಯಲ್ಲಿ ಅದು ಇಲ್ಲದೆಯೂ ಮಾತು ಸಾಗುತ್ತದೆ. ಚಿಕ್ಕಮ್ಮ ಆ ಖಾಲಿ ಜಾಗದಲ್ಲಿ ಅಮ್ಮನನ್ನು ಬೀಳಿಸಿಬಿಟ್ಟರು. ಬಿದ್ದದ್ದು ಅಮ್ಮನಲ್ಲ ಅಣ್ಣಾ, ಬ್ರೆಡ್ಡಿನ ಅಂಗಡಿಯವರ ಅಳಿಯ. ಬೀಳಿಸಿದವಳು ಅಮ್ಮ.

ಆ ಅಳಿಯ ನಮ್ಮ ಬೀದಿಗೆ ಹೊಸಬ. ಮುಂದೆ ದೊಡ್ಡ ಪೆಟ್ಟಿಗೆಯಿರುವ ಸೈಕಲ್ಲಿನಲ್ಲಿ ಮನೆಮನೆಗೆ ಬನ್ನು ಹಂಚುತ್ತಾನೆ. ವಿಪರೀತ ಮರ್ಯಾದಸ್ಥ. ಹಿರಿಯರ ಬೆನ್ನ ಹಿಂದೆ ಬೆಲ್ ಬಾರಿಸುವುದು ಅವರನ್ನು ಗದರಿದಂತೆ ಎಂದುಕೊಂಡು ಸದ್ದಿಲ್ಲದೆ ಅಮ್ಮನ ಹಿಂದೆ ಬಂದಿದ್ದಾನೆ. (ನನಗೂ ಬೆಲ್ ಬಾರಿಸಲು ನಾಚಿಕೆ, ಮುಂದೆ ಹೋಗುವವರು ತಾವಾಗಿ ತಿರುಗಿ ನೋಡುವವರೆಗೆ ಹಿಂದೆಯೇ ತೆವಳುತ್ತೇನೆ, ಹಾಗಾಗಿ ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ.) ಅಮ್ಮ ಕೋಲನ್ನು ಎಡಗೈಗೆ ಬದಲಿಸಿಕೊಂಡಳು, ಅದು ನೇರ ಅವನ ಚಕ್ರಕ್ಕೆ ಹೋಯಿತು. ಅವನು ಹೂವಿನ ಪಾತಿಯಲ್ಲಿ, ಬನ್ನುಗಳು ಬೀದಿ ತುಂಬ. ಅಮ್ಮ ಅಲ್ಲೇ ಕೂತು ತಡವಿ ನೋಡಿ, ತನ್ನ ಕರವಸ್ತ್ರವನ್ನು ಅವನ ಮಂಡಿಗೆ ಕಟ್ಟಿದಳಂತೆ. ಕಟ್ಟುತ್ತಾ, "ಪ್ಯಾಂಟು ಹರಿದಿದ್ದರೆ ಸಂಜೆ ತಂದ್ಕೊಡಪ್ಪ, ಹೊಲಿದುಕೊಡ್ತೀವಿ" ಎಂದಳಂತೆ.

ನೀನು ಹೆದರುವುದರಲ್ಲಿ ತಪ್ಪಿಲ್ಲ. ಸೈಕಲ್ಲಿಗೆ ಸದ್ದಿಲ್ಲ, ಅಮ್ಮನಿಗೆ ನೋಟದ ನಡುವೆ ಏನೂ ಕಾಣುವುದಿಲ್ಲ, ಅಂಚುಗಳು ಮಾತ್ರ ಕಾಣುತ್ತವೆ. ಆದರೆ ಮರುದಿನ ಅವಳು ಮಾಡಿದ್ದನ್ನು ಕೇಳು. ಬೆಳಿಗ್ಗೆ ಬ್ರೆಡ್ಡಿನ ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಅಳಿಯನಿಗೆ ಹೇಳಿದಳು: "ಬೆಲ್ ಬೇಡಪ್ಪ, ಬೆಲ್ ಕೇಳಿದ್ರೆ ಎತ್ತ ಸರೀಬೇಕೋ ಗೊತ್ತಾಗಲ್ಲ. ಬಾಯಿದೆಯಲ್ಲ, ಬಂದೆ ಅನ್ನು. ನಾನು ನೆಟ್ಟಗೆ ನಡೀತೀನಿ, ಸುತ್ತಿಕೊಂಡು ಹೋಗೋದು ನಿನ್ನ ಕೆಲಸ." ಈಗ ಇಡೀ ಬೀದಿ ಅದನ್ನು ಕಲಿತಿದೆ. ಮೂರು ಚಕ್ರದ ಗಾಡಿಯ ಅಂಚೆಯವರು ಗೊಗ್ಗರು ದನಿಯಲ್ಲಿ ಬಂದೆ ಎನ್ನುತ್ತಾರೆ. ಶಾಲೆಯ ಮಕ್ಕಳು ಸಾಲಾಗಿ ಸೈಕಲ್ಲಿನಲ್ಲಿ ಬರುವಾಗ ಬಂದೆ, ಬಂದೆ, ಬಂದೆ ಎಂದು ಸರ ಪೋಣಿಸಿದಂತೆ ಕೂಗುತ್ತಾರೆ. ಅಮ್ಮ ಎಲ್ಲರಿಗೂ ಬಾ ಎನ್ನುತ್ತಾಳೆ, ದನಿಯಲ್ಲೇ ಗುರುತು ಹಿಡಿದು "ಏನೋ, ನೆಗಡಿನಾ?" ಎಂದೂ ಕೇಳುತ್ತಾಳೆ. ಇನ್ನೂ ಬರದವರು ಬಂದೆ ಎನ್ನುವುದು ವ್ಯಾಕರಣಕ್ಕೆ ಒಗ್ಗುತ್ತದೋ ಇಲ್ಲವೋ, ಅಮ್ಮನಿಗೆ ಒಗ್ಗಿದೆ.

ನೀನು ಇಲ್ಲಿಂದ ಹೋದಮೇಲೆ ಬೀದಿಯೂ ಬದಲಾಗಿದೆ. ಕಾರುಗಳು ಈಗ ಬೀದಿಯ ಬಾಯಿಯಲ್ಲೇ ನಿಲ್ಲಬೇಕು. ಸಾಮಾನು ಇಳಿಸಲು ಬರುವವು ನಡೆಯುವವರ ಹೆಜ್ಜೆಯಲ್ಲೇ ಬರಬೇಕು. ದಾಟುವ ಕಡೆ ರಸ್ತೆಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತಿದ್ದಾರೆ, ಅಮ್ಮ ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ. ನಮ್ಮ ಬಾಗಿಲಿನಿಂದ ಅಮ್ಮ ಕೆಲಸಕ್ಕೆ ಹೋಗುವ ದರ್ಜಿ ಅಂಗಡಿಯವರೆಗೆ ಗೀರುಗೀರಿನ ಕಲ್ಲಿನ ಪಟ್ಟಿಯಿದೆ, ಕೋಲಿನ ತುದಿಗೆ ಅದೇ ದಾರಿ. ಎಲ್ಲವೂ ಸರಿಯಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಯಾರೋ ಪುಣ್ಯಾತ್ಮರು ಪಟ್ಟಿಯ ಮೇಲೇ ಸ್ಕೂಟರು ನಿಲ್ಲಿಸಿ ಹೋಗುತ್ತಾರೆ, ಅಮ್ಮ ಕೋಲಿನಿಂದ ಅದಕ್ಕೆ ನಾಲ್ಕು ಬಾರಿಸಿ ಮುಂದೆ ಹೋಗುತ್ತಾಳೆ. ಸೇತುವೆಯ ಆಚೆಯ ದೊಡ್ಡ ರಸ್ತೆಗೆ ಒಬ್ಬಳೇ ಹೋಗುವುದಿಲ್ಲ; ಅದು ನಾವಿಬ್ಬರೂ ಒಪ್ಪಿಕೊಂಡ ಮಾತು.

ಅಂಗಡಿಯಲ್ಲಿ ಅವಳೀಗ ಸೂಜಿ ಹಿಡಿಯುವುದಿಲ್ಲ. ಬಂದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಇದು ಒಗೆದರೆ ಕುಗ್ಗುತ್ತದೆ, ಇದಕ್ಕೆ ಒಳಗೆ ಅಸ್ತರು ಬೇಕು ಎನ್ನುತ್ತಾಳೆ. ಇಸ್ತ್ರಿಯನ್ನೂ ಮಾಡುತ್ತಾಳೆ. ಯಜಮಾನಿ ಮತ್ತು ಅಮ್ಮ ಸಂಜೆವರೆಗೂ ಜಗಳವಾಡುತ್ತಾರೆ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೆ ಊಟ ಸೇರುವುದಿಲ್ಲ.

ನಿನ್ನ ಪತ್ರ ಓದಿ ಹೇಳಿದ ಮೇಲೆ ಅಮ್ಮ ಮಂಚದ ಕೆಳಗಿಂದ ಸೂಟ್‌ಕೇಸು ಎಳೆದಳು. ಮಡಚಿದ ಬಟ್ಟೆಗಳ ಮೇಲೆ ತನ್ನ ದೊಡ್ಡ ಕತ್ತರಿ ಇಟ್ಟಳು. ಮತ್ತೆ ಅದನ್ನು ಹೊರಗೆ ತೆಗೆದಳು. "ಅಲ್ಲಿ ಯಾರ ಬಟ್ಟೆ ಮುಟ್ಟಿ ನೋಡ್ಲಿ ನಾನು?" ಎಂದು ನನ್ನನ್ನೇ ಕೇಳಿದಳು. ಹಾಗಾದರೆ ಬರುವುದಿಲ್ಲ ಅಂತ ಬರೆಯಲೇ ಎಂದೆ. "ಮಗ ಪ್ರೀತಿಯಿಂದ ಕರೀತಾನೆ, ಬರಲ್ಲ ಅನ್ನೋಕೆ ಬಾಯಿ ಬರಲ್ಲ ಕಣೇ" ಎಂದಳು. ಹೋದ ವರ್ಷ ನಿನ್ನ ಮನೆಯಲ್ಲಿದ್ದಾಗ ನೀವು ಚೆನ್ನಾಗಿ ನೋಡಿಕೊಂಡಿರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಬೆಂಕಿಪೊಟ್ಟಣ ಬೇಕಾದರೂ ಕಾರು ತೆಗೆಯಬೇಕು. ಬಾಗಿಲಾಚೆ ಕಾಲಿಡಲು ಕಾಲುದಾರಿಯೇ ಇಲ್ಲ. ಮನೆಗೆ ಬಂದಮೇಲೆ ಅಮ್ಮ ನಗುನಗುತ್ತಲೇ ಹೇಳಿದ್ದಳು: "ಕಣ್ಣು ಕಾಣದೋಳನ್ನ ಕಿಟಕಿ ಹತ್ರ ಕೂರಿಸಿದ್ರು ನೋಡು."

ಅವಳಿಗೆ ಬಾಯಿ ಬರದ ಮಾತನ್ನು ನಾನು ಬರೆಯುತ್ತಿದ್ದೇನೆ. ನಿನ್ನೆದುರು ನಾನು ಎಂದೂ ತುಟಿ ಬಿಚ್ಚಿದವಳಲ್ಲ, ಮೂಗಿ ಎಂದು ಹೆಸರಿಟ್ಟವನೇ ನೀನು. ಅಮ್ಮ ಇಲ್ಲೇ ಇರುತ್ತಾಳೆ. ಅವಳು ಹೇಳಿದ್ದರಿಂದ ಅಲ್ಲ, ನಾನು ದಿನವೂ ನೋಡುತ್ತಿರುವುದರಿಂದ ಹೇಳುತ್ತಿದ್ದೇನೆ. ಕೋಪ ಬಂದರೆ ನನ್ನ ಮೇಲೆ ಮಾಡಿಕೋ, ಅವಳನ್ನು ಕೇಳಬೇಡ; ಕೇಳಿದರೆ ನಿನ್ನ ಮುಖ ನೋಡಿ ಹೂಂ ಎಂದುಬಿಡುತ್ತಾಳೆ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಪುಟ್ಟಿಗೆ ಅಜ್ಜಿಯ ಆಶೀರ್ವಾದ, ಕೆನ್ನೆಗೊಂದು ನನ್ನ ಮುತ್ತು. ಸಿದ್ಧ ಮಾಡಿದ ಕೋಣೆಯಲ್ಲಿ ಬೇಸಿಗೆಗೆ ನಾನೇ ಬಂದು ನಾಲ್ಕು ದಿನ ಇರುತ್ತೇನೆ, ಹಾಳುಬಿಡಬೇಡ.

ನಿನ್ನ ತಂಗಿ,
ಮೂಗಿ

ಮರೆತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಎಲ್ಲವನ್ನೂ ಓದಿಸಿ ಕೇಳಿದಳು. ಬೈಯಲಿಲ್ಲ. ಇಷ್ಟನ್ನು ಸೇರಿಸು ಎಂದಳು. ಭಾನುವಾರ ಕಾರು ತರಬೇಡ, ಬೆಳಗಿನ ರೈಲಿಗೆ ಬಾ. ನಿಲ್ದಾಣ ಸೇತುವೆಯ ಈಚೆಗೇ ಇದೆಯಲ್ಲ, ಅಲ್ಲಿಗೆ ಅಮ್ಮ ಒಬ್ಬಳೇ ನಡೆದು ಬರುತ್ತಾಳೆ, ನಾನು ಮನೆಯಲ್ಲೇ ಇರಬೇಕಂತೆ. ಅವಳು ಕಂಡ ಕೂಡಲೇ ಓಡಿಹೋಗಿ ಕೈ ಹಿಡಿಯಬೇಡ, ಕೂಗಲೂ ಬೇಡ. ಗಡಿಯಾರದ ಕೆಳಗೆ ಸುಮ್ಮನೆ ನಿಂತಿರು. ನಿನ್ನನ್ನು ಅವಳೇ ಹುಡುಕಿಕೊಳ್ಳುತ್ತಾಳೆ.