ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ

ವಾದಿಯವರಾದ ಅಕ್ಕನವರಿಗೆ,

ಪ್ರತಿವಾದಿಯ ನಮಸ್ಕಾರಗಳು. ಮೊದಲು ಕೆಲಸದ ಮಾತು, ಕುಶಲ ಆಮೇಲೆ. ನಿಮ್ಮ ಈಗಿನ ಮನೆಯ ಓನರು ಶುಕ್ರವಾರ ತರುತ್ತೇನೆಂದಿರುವ ಆ ಕಾಗದಕ್ಕೆ ಸಹಿ ಹಾಕಬೇಡಿ. ಎಷ್ಟೇ ನಗುನಗುತ್ತಾ ಬರಲಿ, ಪೆನ್ನಿನ ಮುಚ್ಚಳ ಅವನೇ ತೆಗೆದು ಕೊಡಲಿ, ಹಾಕಬೇಡಿ.

ಇದನ್ನು ನಿನ್ನೆ ಫೋನಿನಲ್ಲೇ ಹೇಳಿದೆ. ನೀವು ಹೇಳಿದ್ದೆಲ್ಲ ನನಗೆ ಕೇಳಿಸಿತು, ನಾನು ಹೇಳಿದ್ದು ನಿಮ್ಮ ಕಿವಿಯ ಹೊರಗೇ ನಿಂತಿತು. ಗಿರಾಕಿ ಬೆಚ್ಚಿಬೀಳುವ ಹಾಗೆ "ಸಹಿ ಬೇಡ ಅಕ್ಕಾ, ಸಹಿ ಬೇಡ" ಅಂತ ನಾನು ಕೂಗಿದರೆ, ನೀವು "ಸಿಹಿ ಬಿಟ್ಟು ಯಾವ ಕಾಲ ಆಯ್ತು ಕಣೋ, ನಂಗೆ ಶುಗರ್ ಅಲ್ವಾ" ಅಂದಿರಿ. ಅದಕ್ಕೇ ಈ ಪತ್ರ. ನಿಮ್ಮ ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುತ್ತದೆ ಅಂತ ನನಗೆ ಗೊತ್ತು.

ನಿಮ್ಮ ಮಾತಿನಿಂದ ನನಗೆ ಅರ್ಥವಾದದ್ದಿಷ್ಟು. ಓನರು ಈಚೆಗೆ ಬಾಡಿಗೆ ಮುಟ್ಟುತ್ತಿಲ್ಲ. ಕೊಡಲು ಹೋದರೆ "ಇರ್ಲಿ ಬಿಡಿ ಅಜ್ಜಿ, ಆಮೇಲೆ ನೋಡೋಣ" ಅನ್ನುತ್ತಾನೆ. ನೀರಿನ ವಾಲ್ವು ಆಗಾಗ ತಾನೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಈಗ, ನೀವು ನಿಮ್ಮಿಷ್ಟದಿಂದಲೇ ಮನೆ ಬಿಡುತ್ತಿದ್ದೀರಿ, ಅಡ್ವಾನ್ಸು ಪೂರ್ತಿ ಕೈಸೇರಿದೆ ಅಂತ ಟೈಪು ಮಾಡಿಸಿ ತರುತ್ತಾನೆ. ಅಡ್ವಾನ್ಸು ಮಾತ್ರ ಆಮೇಲೆ ಕೊಡುತ್ತಾನಂತೆ. ಇಷ್ಟು ಹೇಳಿ ನೀವು ಕೇಳಿದಿರಿ: "ಬಾಡಿಗೆಯೋರು ಏನ್ ಮಾಡ್ಬೇಕು ಅಂತ ನಿಂಗೆ ತಾನೇ ಗೊತ್ತಿರೋದು? ನನ್ನ ಮೇಲೇ ಕಲ್ತಿದ್ದಲ್ವಾ, ಈಗ ನಂಗೇ ಹೇಳ್ಕೊಡು." ನಗು ಬಂತು ಅಕ್ಕ. ನಗು ಮುಗಿಸಿ ಕೆಲಸಕ್ಕೆ ಕೂತವನು ಒಂದು ಒಳ್ಳೆಯ ಮರದ ಪಟ್ಟಿಯನ್ನು ಅಳತೆ ತಪ್ಪಿ ಕೊಯ್ದುಬಿಟ್ಟೆ.

ನಿಮ್ಮ ಮೇಲೇ ಕಲಿತದ್ದು, ಸುಳ್ಳಲ್ಲ. ನಾನು ಗಾಜು ಕತ್ತರಿಸುವ ಹತಾರವನ್ನು ಜೇಬಿನಲ್ಲೂ ಮರದ ಪಟ್ಟಿಗಳ ಕಟ್ಟನ್ನು ಹೆಗಲಲ್ಲೂ ಇಟ್ಟುಕೊಂಡು ಬಾಡಿಗೆಗೆ ಜಾಗ ಕೇಳಲು ಬಂದ ಬೆಳಗ್ಗೆ ನೀವು ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದು ಮೆಟ್ಟಿಲ ಮೇಲೆ ಕೂತು ಬಿಳಿ ಬೂಟು ಬಿಚ್ಚುತ್ತಿದ್ದಿರಿ. "ಏನ್ ಕೆಲಸ ನಿಂದು?" ಅಂದಿರಿ. "ಫೋಟೋಗೆ ಕಟ್ಟು ಹಾಕೋದು" ಅಂದೆ. ನೀವು ತಲೆಯೆತ್ತದೆ, "ನಂದೂ ಅದೇ. ಗಾಯಕ್ಕೆ ಹಾಕ್ತೀನಿ" ಅಂದಿರಿ. ಅಲ್ಲಿಗೆ ಬಾಡಿಗೆ ಕುದುರಿತು. ಮುಂದಿನ ಕೋಣೆ ಅಂಗಡಿಗೆ, ಹಿಂದಿನ ಎರಡು ಕೋಣೆ ನನಗೂ ನನ್ನ ಹೆಂಡತಿಗೂ, ಮಹಡಿ ನಿಮಗೆ. ನನಗೆ ಚೌಕಟ್ಟು ಅಂತ ಹೆಸರಿಟ್ಟವರೂ ನೀವೇ. ಇವತ್ತಿಗೂ ಈ ಬೀದಿಯಲ್ಲಿ ನನ್ನ ನಿಜವಾದ ಹೆಸರು ಹಿಡಿದು ಬರುವವರು ಸಾಲ ವಸೂಲಿಯವರು ಮಾತ್ರ.

ಕೋರ್ಟಿನ ಎದುರು ಕೂರುತ್ತಿದ್ದ ಟೈಪಿಸ್ಟನ ಹತ್ತಿರ ಅಗ್ರಿಮೆಂಟು ಮಾಡಿಸಿದೆವು. ಅವನ ಹತ್ತಿರ ಇದ್ದದ್ದು ಒಂದೇ ಮಾದರಿ, ವಕೀಲರ ಕಚೇರಿಗೂ ಕೋಳಿ ಅಂಗಡಿಗೂ ಅದೇ. ನೀವು ಓದಲಿಲ್ಲ, ನಿಮಗೆ ನಿದ್ದೆ. ನಾನು ಓದಲಿಲ್ಲ, ನನಗೆ ಆತುರ. ಅದರಲ್ಲಿ ಒಂದು ಸಾಲಿತ್ತು: ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಫೋಟೋ ಕಟ್ಟಿನ ಅಂಗಡಿಯವನು ಮೊಳೆ ಹೊಡೆಯುವುದಿಲ್ಲವೆಂದು ಬರೆದುಕೊಟ್ಟು, ಮನೆಗೆ ಬಂದು ಸುತ್ತಿಗೆ ಹುಡುಕಿದ. ಮೊದಲ ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ತೋರಿಸಿದವರು ನೀವು. "ಬಾಗಿಲಿಂದ ಬಂದೋರಿಗೆ ಎದುರಿಗೇ ಕಾಣ್ಲಿ" ಅಂದಿರಿ.

ಆಗಿನ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ನಿಮ್ಮ ಲಟ್ಟಣಿಗೆ. ಟ್ಯಾಂಕು ನಿಮ್ಮ ಅಡುಗೆಮನೆಯ ಮೇಲೆ, ಮೋಟಾರಿನ ಸ್ವಿಚ್ಚು ನನ್ನ ಹಿಂದಿನ ಕೋಣೆಯಲ್ಲಿ. ನೀವು ನೆಲಕ್ಕೆ ಲಟ್ಟಣಿಗೆಯಿಂದ ಒಮ್ಮೆ ಟಕ್ ಅನ್ನಿಸಿದರೆ ಮೋಟಾರು ಹಾಕಬೇಕು, ಟಕ್ ಟಕ್ ಅಂದರೆ ಆರಿಸಬೇಕು. ಆ ಪೆಟ್ಟಿಗೆ ನನ್ನ ಗೋಡೆಯ ಫೋಟೋಗಳೆಲ್ಲ ಒಮ್ಮೆ ಸಣ್ಣಗೆ ನಡುಗುತ್ತಿದ್ದವು, ಗಾಜುಗಳು ಕಿಣಿಕಿಣಿ ಅನ್ನುತ್ತಿದ್ದವು. ಗಿರಾಕಿಗಳು ಹೆದರಿ ಮೇಲೆ ನೋಡಿದರೆ "ಏನಿಲ್ಲ, ಮೇಲಿಂದ ಆರ್ಡರು" ಅನ್ನುತ್ತಿದ್ದೆ. ಕೆಲವರು ಕೈಮುಗಿದದ್ದೂ ಉಂಟು.

ಜಗಳ ತಂದದ್ದು ನೀರೇ. ನಿಮ್ಮ ಬಚ್ಚಲಿನ ಪೈಪು ಸೋರಿ ನನ್ನ ಗೋಡೆಗಿಳಿಯಿತು. ಗಿರಾಕಿ ಒಯ್ಯಬೇಕಿದ್ದ ಮದುವೆ ಫೋಟೋದಲ್ಲಿ ಹೆಣ್ಣು ಹಾಗೇ ಇದ್ದಳು, ಗಂಡಿನ ಮುಖ ಮಾತ್ರ ಉಬ್ಬಿ ಅವನ ಮಾವನ ಹಾಗಾಗಿತ್ತು. ಮೇಲೆ ಬಂದು "ಅಕ್ಕಾ, ಪೈಪು ಸೋರ್ತಿದೆ" ಅಂದರೆ ನೀವು, "ಪೈಪಿಗೇನಾಗಿದೆ? ಮೊಳೆ ಹೊಡ್ದೂ ಹೊಡ್ದೂ ಗೋಡೇನ ಜರಡಿ ಮಾಡಿದೀಯ, ಸೋರ್ದೆ ಇನ್ನೇನು?" ಅಂದಿರಿ. ಆ ರಾತ್ರಿಯೇ ಇಬ್ಬರೂ ಪೆಟ್ಟಿಗೆಯ ತಳದಿಂದ ಅಗ್ರಿಮೆಂಟು ತೆಗೆದು ಮೊದಲ ಸಲ ಓದಿದೆವು.

ಅಲ್ಲಿಂದ ನೀವು ಅಕ್ಕ ಹೋಗಿ ಓನರಮ್ಮ ಆದಿರಿ, ನಾನು ಚೌಕಟ್ಟು ಹೋಗಿ ಕೆಳಗಿನವರು ಆದೆ. ನಿಮ್ಮ ತಂಗಿಯ ಮಗಳು ಹಲ್ಲಿನ ಡಾಕ್ಟರ್ ಓದು ಮುಗಿಸುತ್ತಿದ್ದಳು. ಅವಳ ಕ್ಲಿನಿಕ್ಕಿಗೆ ಜಾಗ ಬೇಕು, ಖಾಲಿ ಮಾಡಿ ಅಂತ ನೋಟೀಸು ಬಂತು, ಅದರ ಹಿಂದೆಯೇ ಕೇಸೂ ಬಂತು. ಬಾಡಿಗೆ ಕೊಟ್ಟರೆ ನೀವು ಮುಟ್ಟಲಿಲ್ಲ. ವಕೀಲರು ಹೇಳಿದರೆಂದು ನಾನು ಮನಿಯಾರ್ಡರು ಮಾಡಿದೆ. ಪೋಸ್ಟ್‌ಮ್ಯಾನ್ ನನ್ನ ಬಾಗಿಲು ದಾಟಿ ನಿಮ್ಮ ಮೆಟ್ಟಿಲು ಹತ್ತುವುದು, ನೀವು ಬೇಡ ಅನ್ನುವುದು, ಅವನು ಇಳಿದು ಬರುವುದು. "ಒಂದು ಮೆಟ್ಲು ಹತ್ತಿ ಕೊಡೋದಕ್ಕೆ ನನ್ನ ಮಂಡಿನೇ ಬೇಕಾಗಿತ್ತಾ ನಿಮಗೆ?" ಅಂತ ಅವನು ನಮ್ಮಿಬ್ಬರನ್ನೂ ಸಮವಾಗಿ ಬೈಯುತ್ತಿದ್ದ.

ಮಾತಾಡಬೇಡಿ ಅಂತ ಎರಡೂ ಕಡೆಯ ವಕೀಲರು ತಾಕೀತು ಮಾಡಿದ್ದರು. ನನ್ನ ವಕೀಲರು ಇನ್ನೊಂದು ಮಾತನ್ನೂ ಹೇಳಿದ್ದರು: "ಸ್ವಿಚ್ಚು ನಿಮ್ಮ ಕೈಲಿದೆಯಲ್ರೀ, ಮೋಟಾರ್ ಹಾಕ್ಬೇಡಿ. ತಾವಾಗೇ ದಾರಿಗೆ ಬರ್ತಾರೆ." ಮೀಟರು ನಿಮ್ಮ ಹೆಸರಲ್ಲಿತ್ತು, ಕರೆಂಟು ತೆಗೆಸಿ ಅಂತ ನಿಮ್ಮ ವಕೀಲರು ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಈ ಸಲಹೆಗೆ ಇಬ್ಬರೂ ಫೀಸು ಕೊಟ್ಟಿದ್ದೇವೆ, ಇಬ್ಬರೂ ಬಳಸಲಿಲ್ಲ. ಬೆಳಗಾದರೆ ಟಕ್. ಮಾತು ಬಿಟ್ಟ ಆ ವರ್ಷಗಳಲ್ಲಿ ನಮ್ಮ ಮಧ್ಯೆ ಉಳಿದದ್ದು ಅದೊಂದೇ. ಎಂದಾದರೂ ತಡವಾದರೆ ನನ್ನ ಹೆಂಡತಿ ಚಾವಣಿ ನೋಡಿ, "ಓನರಮ್ಮಂಗೆ ಹುಷಾರಿಲ್ವೇನೋ" ಅನ್ನುತ್ತಿದ್ದಳು. ನಾನು "ನಮಗೇನಂತೆ" ಅಂದು, ಸ್ವಿಚ್ಚಿನ ಹತ್ತಿರವೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನೀವು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿದ್ದ ದಿನದ ಹಿಂದಿನ ದಿನ ಗಾಜು ಜಾರಿ ನನ್ನ ಅಂಗೈ ಸೀಳಿತು. ನನ್ನವಳು ಕೂಗಿಕೊಂಡ ಸದ್ದಿಗೆ ನೀವು ಔಷಧಿಯ ಪೆಟ್ಟಿಗೆ ಹಿಡಿದು ಇಳಿದು ಬಂದಿರಿ. ಬಂದವರು ಹೊಸ್ತಿಲ ಹೊರಗೇ ನಿಂತಿರಿ. "ಒಳಗೆ ಬನ್ನಿ" ಅಂತ ಅವಳು ಅಂದ ಮೇಲೆಯೇ ಕಾಲಿಟ್ಟಿರಿ. ನನ್ನ ಕೈ ತೊಳೆದಿರಿ, ಹೊಲಿದಿರಿ, ಕಟ್ಟು ಹಾಕಿದಿರಿ. ನನ್ನ ಜೊತೆ ಒಂದಕ್ಷರ ಇಲ್ಲ. ಹೇಳುವುದನ್ನೆಲ್ಲ ಅವಳಿಗೇ ಹೇಳಿದಿರಿ: "ನಿನ್ನ ಗಂಡಂಗೆ ಹೇಳು, ಕೈ ಮೇಲೆತ್ತಿ ಇಟ್ಕೊಳ್ಲಿ. ನಾಳೆ ಕೋರ್ಟಿಗೆ ಬರೋದಿದೆಯಲ್ಲ."

ಮಾರನೆಯ ದಿನ ಕಟಕಟೆಯಲ್ಲಿ ನೀವು, ಬೆಂಚಿನಲ್ಲಿ ಕೈ ಮೇಲೆತ್ತಿಕೊಂಡು ನಾನು. ನನ್ನ ವಕೀಲರು ಕೇಳಿದರು, "ಇವರು ಗೋಡೆ ಹಾಳು ಮಾಡಿದ್ದನ್ನ ನೀವು ಒಳಗೆ ಹೋಗಿ ನೋಡಿದ್ದು ಯಾವಾಗ?"

"ನಾನ್ಯಾಕೆ ಹೋಗ್ಲಿ? ಕರೀದೇ ಅವರ ಮನೆಗೆ ಹೋಗೋಳಲ್ಲ ನಾನು."

"ಯಾರ ಮನೆಗೆ?"

"ಅವರ ಮನೆಗೆ ಸ್ವಾಮಿ. ಚೌಕಟ್ಟಿನ ಮನೆಗೆ."

ನಿಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಕನ್ನಡಕ ತೆಗೆದು, "ಹಾಗಾದ್ರೆ ನಿಮ್ಮ ಮನೆ ಯಾವುದಮ್ಮಾ?" ಅಂದರು. "ಅದರ ಮೇಲಿರೋದು" ಅಂದಿರಿ. ಅವರ ದೃಷ್ಟಿ ನನ್ನ ಕೈಗೆ ಹೋಯಿತು. "ಏನಾಯ್ತು?" "ಗಾಜು ಸ್ವಾಮಿ." "ಕಟ್ಟು ಯಾರು ಹಾಕಿದ್ದು?" ನಾನು ಬಾಯಿ ತೆರೆಯುವಷ್ಟರಲ್ಲಿ ಕಟಕಟೆಯಿಂದ ಉತ್ತರ ಬಂತು: "ನಾನೇ. ಇವತ್ತು ಬದಲಾಯಿಸ್ಬೇಕು, ಬೇಗ ಬಿಟ್ರೆ ಒಳ್ಳೇದು."

ಆ ಮಾತಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ಅಂತ ಆಮೇಲೆ ಎರಡೂ ವಕೀಲರು ಹೇಳಿದರು. ಇರಬಹುದು. ಆದರೆ ಇಡೀ ಕೋರ್ಟು ನಕ್ಕಿತು, ನ್ಯಾಯಾಧೀಶರು ಕಡತ ಮುಚ್ಚಿ "ಇಬ್ಬರೂ ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ" ಅಂದರು. ಹೊರಗಿನ ಕಲ್ಲುಬೆಂಚಿನಲ್ಲಿ ನೀವು ನನ್ನ ಕಟ್ಟು ಬಿಚ್ಚುತ್ತಾ "ಪೈಪು ನನ್ನದು" ಅಂದಿರಿ, "ತೂತುಗಳು ನನ್ನವು" ಅಂದೆ. ಕ್ಲಿನಿಕ್ಕು ಅಂತ ಕೇಳಿದ್ದಕ್ಕೆ, "ಅವಳು ಬೇರೆ ಊರಲ್ಲಿ ಹಾಕಿ ಆಯ್ತು ಕಣೋ, ಕೇಸಿಗೆ ಹೇಳೋದು ಮರ್ತೋಯ್ತು" ಅಂದಿರಿ. ಕೇಸು ಅಲ್ಲಿಗೇ ಮುಗಿಯಿತು.

ಮುಂದೆ ಮಂಡಿ ಕೈಕೊಟ್ಟು, ಮೆಟ್ಟಿಲು ದೂರವಾಗಿ, ಮನೆಯನ್ನು ನನಗೇ ಮಾರಿ ತಂಗಿಯ ಮಗಳಿರುವ ಊರಿಗೆ ಹೊರಟಿರಿ. ಹೊರಟ ದಿನ ಮೇಲಿನಿಂದ ಟಕ್ ಟಕ್ ಅಂತ ಕೇಳಿಸಿತು. ಓಡಿ ಹೋಗಿ ಸ್ವಿಚ್ಚಿಗೆ ಕೈಯಿಟ್ಟೆ. ಮೋಟಾರು ಹಾಕಿಯೇ ಇರಲಿಲ್ಲ.

ಈಗ ಆ ಹುಡುಗಿಯೂ ಕ್ಲಿನಿಕ್ಕು ಮುಚ್ಚಿ ಕೆಲಸ ಹಿಡಿದು ಬೇರೆ ಕಡೆ ಹೋದಳು, ನೀವು "ನಂಗೆ ನನ್ನ ಚಿಲಕ ನನ್ನ ಕೈಲಿರ್ಬೇಕು" ಅಂತ ಅಲ್ಲೇ ಬಾಡಿಗೆಗೆ ಉಳಿದಿರಿ. ಆ ಚಿಲಕಕ್ಕೇ ಈಗ ಅವನು ಕೈಹಾಕಿದ್ದಾನೆ. ಅದಕ್ಕೆ, ನಿಮ್ಮ ಮೇಲೆ ಕಲಿತದ್ದನ್ನು ಬಡ್ಡಿ ಸಮೇತ ಹಿಂದಿರುಗಿಸುತ್ತಿದ್ದೇನೆ. ಬಾಡಿಗೆ ಅವನು ಮುಟ್ಟದಿದ್ದರೆ ಬ್ಯಾಂಕಿನಲ್ಲಿ ಅವನ ಖಾತೆಗೆ ಕಟ್ಟಿ ಚೀಟಿ ಇಟ್ಟುಕೊಳ್ಳಿ. ಇವತ್ತು ಬೇಡ ಅಂದವನೇ ನಾಳೆ ಕೊಡಲಿಲ್ಲ ಅನ್ನುತ್ತಾನೆ, ಇದನ್ನು ನಿಮಗೆ ನಾನು ಹೇಳಬೇಕೆ! ನೀರು ನಿಂತಾಗಲೆಲ್ಲ ಪಕ್ಕದ ಮನೆಯವರನ್ನು ಕರೆದು ನಲ್ಲಿ ತಿರುಗಿಸಿ ತೋರಿಸಿ. ಬೀಗ ಹಾಕಿ ಎಲ್ಲೂ ಹೋಗಬೇಡಿ. ಕೋರ್ಟು ಹೇಳದೆ ಅವನು ನಿಮ್ಮ ಒಂದು ಚಮಚವನ್ನೂ ಹೊರಗಿಡುವ ಹಾಗಿಲ್ಲ. ಮುಖ್ಯವಾಗಿ, ಯಾರು ಕೇಳಿದರೂ "ಅವರ ಮನೆ" ಅನ್ನಬೇಡಿ. "ನಮ್ಮನೆ" ಅನ್ನಿ. ನಿಮಗೆ ಕಷ್ಟ ಅಂತ ಗೊತ್ತು, ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ.

ಗುರುವಾರ ಸಂಜೆಯ ಗಾಡಿಗೆ ನಾನು ಬರುತ್ತೇನೆ. ಶುಕ್ರವಾರ ಅವನು ಬಂದಾಗ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಅಡ್ವಾನ್ಸು ಮೇಜಿನ ಮೇಲೆ ಬಿದ್ದರೆ ಸಹಿ, ಇಲ್ಲದಿದ್ದರೆ ಟೀ ಕೊಟ್ಟು ಕಳಿಸೋಣ. ಉಳಿಯಬೇಕೆಂದರೆ ಉಳಿಯಿರಿ, ನಾನು ಜೊತೆಗಿದ್ದೇನೆ. ಬಿಡಬೇಕೆಂದರೂ ಅವನು ತಳ್ಳಿದನೆಂದು ಬಿಡಬೇಡಿ, ನಿಮ್ಮ ಹಣ ಎಣಿಸಿಕೊಂಡು ಬಿಡಿ. ಬಿಟ್ಟವರು ಇಲ್ಲಿಗೆ ಬನ್ನಿ.

ಹಿಂದಿನ ಎರಡು ಕೋಣೆ ಖಾಲಿ ಮಾಡಿಸಿದ್ದೇನೆ. ನಾವಿಬ್ಬರು ಈಗ ಮಹಡಿಯಲ್ಲಿದ್ದೇವೆ, ನಿಮಗೆ ಮೆಟ್ಟಿಲಿನ ಗೊಡವೆಯಿಲ್ಲ. ಬಾಡಿಗೆ ತೆಗೆದುಕೊಳ್ಳುತ್ತೇನೆ, ರಸೀದಿ ಕೊಡುತ್ತೇನೆ. ಇದನ್ನು ಕೇಳಿ ನನ್ನ ಹೆಂಡತಿ ಬೆಳಗ್ಗೆಯಿಂದ ಉರಿಯುತ್ತಿದ್ದಾಳೆ: "ಕೈ ಹೊಲಿದೋರ ಹತ್ರ ಬಾಡಿಗೆ ಇಸ್ಕೊಳ್ತೀರಾ? ನಾಚ್ಕೆ ಆಗಲ್ವಾ ನಿಮಗೆ?" ಅವಳಿಗೆ ಕೋರ್ಟು ಗೊತ್ತಿಲ್ಲ, ನಿಮಗೆ ಗೊತ್ತು. ಸುಮ್ಮನೆ ಇಟ್ಟುಕೊಂಡರೆ ನೀವು ನೆಂಟರಾಗುತ್ತೀರಿ. ನೆಂಟರು ಮುಖ ನೋಡಿಕೊಂಡು ಬದುಕಬೇಕು. ಬಾಡಿಗೆ ಕೊಟ್ಟರೆ ನಾನು ಮುಖ ಗಂಟಿಕ್ಕಿದರೂ ನಿಮ್ಮ ಚಿಲಕ ನಿಮ್ಮದೇ. ನನ್ನ ಮೇಲೆ ಕೇಸು ಹಾಕುವ ಹಕ್ಕು ನಿಮ್ಮ ಕೈಯಲ್ಲಿರಲಿ ಅಕ್ಕ. ಅದಕ್ಕಿಂತ ದೊಡ್ಡ ಮರ್ಯಾದೆ ಕೊಡಲು ನನಗೆ ತಿಳಿಯದು.

ನೀವು ಕಟಕಟೆಯಲ್ಲಿ ನಿಂತು "ಅವರ ಮನೆ" ಅಂದದ್ದು ಇದೇ ಭಾಗವನ್ನು. ಇನ್ನು ಕರೆಯದೆ ನಾನು ಅಲ್ಲಿಗೆ ಕಾಲಿಡುವುದಿಲ್ಲ. ಅಗ್ರಿಮೆಂಟನ್ನು ಈ ಸಲ ನಾನೇ ಬರೆದಿದ್ದೇನೆ, ಒಂದು ಸಾಲು ಮಾತ್ರ ಬದಲು: ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದು. ಮಂಚದ ಎದುರು ಒಂದು ಮೊಳೆ ಹೊಡೆದು, ಬಿಳಿ ಬೂಟಿನಲ್ಲಿ ನೀವಿರುವ ಆಸ್ಪತ್ರೆಯ ಫೋಟೋ ತೂಗುಹಾಕಿ, ಕಟ್ಟು ನಾನು ಹಾಕಿಕೊಡುತ್ತೇನೆ. ಸ್ವಿಚ್ಚು ಇನ್ನೂ ಅದೇ ಕೋಣೆಯಲ್ಲಿದೆ. ಮೇಲಿನಿಂದ ನಾನು ಲಟ್ಟಣಿಗೆ ಕುಟ್ಟಿದ್ದು ನಿಮಗೆ ಕೇಳಿಸುವುದಿಲ್ಲ, ಗೊತ್ತು. ಆ ಫೋಟೋ ನೋಡುತ್ತಿರಿ. ಅದು ಒಮ್ಮೆ ನಡುಗಿದರೆ ಮೋಟಾರು ಹಾಕಿ.

ನಿಮ್ಮ ನಲ್ಲಿಯಲ್ಲಿ ಸದಾ ನೀರು ಬರಲಿ, ಗೋಡೆಯಲ್ಲಿ ಮಾತ್ರ ಬಾರದಿರಲಿ.

ಇತಿ,
ನಿಮ್ಮ ಹಳೆಯ ಪ್ರತಿವಾದಿ,
ಚೌಕಟ್ಟು